ಕೇಳುತ್ತದೆ ಎಂದು ಬರೆದವಳು

ನಾನು ಆಡಿಯಾಲಜಿ ಓದುತ್ತೇನೆ ಅಂದಾಗ ಅಬ್ಬಾ ಕೇಳಿದ ಮೊದಲ ಪ್ರಶ್ನೆ, "ಅಂದ್ರೆ ಜನಗಳ ಕಿವಿಯಿಂದ ಗುಗ್ಗೆ ತೆಗೆಯೋ ಕೆಲಸಾನಾ ಬೇಟಾ?" ಮೂವತ್ತು ವರ್ಷದಿಂದ ಮಂಡ್ಯದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡಿಕೊಂಡಿರುವ ನನ್ನ ಅಪ್ಪ ಅಕ್ರಂ ಪಾಷಾ ಅವರಿಗೆ ಅದು ಗೊತ್ತಿಲ್ಲದಿದ್ದರೆ ತಪ್ಪೇನಿಲ್ಲ. ನನಗೆ ಮೈ ಉರಿಯುವುದು ಬೇರೆ ವಿಷಯಕ್ಕೆ. ಓದು ಮುಗಿಸಿ ಟ್ರೈನಿಂಗಿಗೆ ಬಂದು ಕೂತ ಮೇಲೂ ದಿನಕ್ಕೆ ಹತ್ತು ಜನ ಅದೇ ಪ್ರಶ್ನೆ ಕೇಳುತ್ತಾರೆ. ಅವರಲ್ಲಿ ಆರು ಜನ ಕಿವಿಯೊಳಗೆ ಬೈಕಿನ ಕೀ ತಿರುಗಿಸಿಕೊಂಡೇ ಬಂದಿರುತ್ತಾರೆ.

ನಮ್ಮ ಕಡೆ ಕಿವಿಯಷ್ಟು ಅನಾಥ ಅಂಗ ಇನ್ನೊಂದಿಲ್ಲ. ಕಣ್ಣು ಮಂಜಾದರೆ ಕ್ಯಾಂಪಿಗೆ ಹೋಗುತ್ತಾರೆ, ಹಲ್ಲು ನೋವಾದರೆ ಕೆನ್ನೆ ಹಿಡಿದುಕೊಂಡು ಓಡುತ್ತಾರೆ. ಕಿವಿ ಕೇಳಿಸದಿದ್ದರೆ ಟಿ.ವಿ. ಸೌಂಡು ಜಾಸ್ತಿ ಮಾಡಿಕೊಂಡು ಕೂರುತ್ತಾರೆ. ಕನ್ನಡಕ ಹಾಕಿಕೊಂಡವನು ಓದಿದವನ ಹಾಗೆ ಕಾಣುತ್ತಾನೆ, ಕಿವಿಗೆ ಮೆಷಿನ್ ಹಾಕಿಕೊಂಡವನು ಮಾತ್ರ ಕಿವುಡ. ದೊಡ್ಡವರದ್ದು ಹೇಗೋ ನಡೆಯುತ್ತದೆ, ಅವರು ಮಾತು ಕಲಿತಾಗಿದೆ. ಹುಟ್ಟಿನಿಂದಲೇ ಕೇಳಿಸದ ಮಗು ಮಾತನ್ನು ಎಲ್ಲಿಂದ ಕಲಿಯಬೇಕು? ಮೊದಲ ಎರಡು ಮೂರು ವರ್ಷದಲ್ಲಿ ಮಿದುಳಿಗೆ ಶಬ್ದ ಬೀಳದಿದ್ದರೆ ಆಮೇಲೆ ಎಂಥ ಮೆಷಿನ್ ಹಾಕಿದರೂ ಮಾತು ಬರುವುದು ಕಷ್ಟ. ಒಂದೊಂದು ತಿಂಗಳೂ ಮುಖ್ಯ. ಇದನ್ನು ದಿನಾ ಗಂಟಲು ಹರಿಯುವ ಹಾಗೆ ಹೇಳುತ್ತೇನೆ. ಕೇಳಿದವರು "ಆಯ್ತು ಮೇಡಂ" ಅಂತ ತಲೆಯಾಡಿಸಿ ಹೋಗುತ್ತಾರೆ. ಹೋದವರು ತಿರುಗಿ ಬರುವುದಿಲ್ಲ.

ನನ್ನ ಹೆಸರು ಮಿಸ್ಬಾ. ಕಳೆದ ವರ್ಷ ಜೂನ್ ಕೊನೆಗೆ ಮಂಡ್ಯದಲ್ಲಿ ಒಂದು ಟ್ರಸ್ಟಿನವರು ನಡೆಸುವ ಕಿವಿ ಮತ್ತು ಮಾತಿನ ಕೇಂದ್ರಕ್ಕೆ ಟ್ರೈನಿಯಾಗಿ ಸೇರಿದೆ. ಅಲ್ಲಿಯ ಮುಖ್ಯಸ್ಥರು ಅಶೋಕ್ ಸರ್. ನಾನು ಸೇರಿದ ಎರಡನೇ ವಾರ ಅವರು ಮಳವಳ್ಳಿ ಕ್ಯಾಂಪಿಗೆ ಹೋಗಿದ್ದರು. "ಅನುಮಾನ ಇದ್ದರೆ ಬರೆಯಬೇಡ, ನಾನು ಬರೋವರೆಗೆ ಕಾಯಿಸು" ಅಂತ ಹೇಳಿಯೇ ಹೋಗಿದ್ದರು. ಹೊರಗೆ ಮೂವತ್ತೆಂಟು ಜನ ಕಾಯುತ್ತಿದ್ದರು. ಅವತ್ತೇ ಆತಗೂರಿನ ಇಂದ್ರಮ್ಮ ಬಂದದ್ದು.

ಇಂದ್ರಮ್ಮನಿಗೆ ಐವತ್ತರ ಮೇಲಿರಬಹುದು. ಗದ್ದೆ ಬದುವಿನ ಮೇಲೆ ನಿಂತು ಆಳುಗಳನ್ನು ಕರೆದು ರೂಢಿಯಾದ ಗಂಟಲು. ಜೊತೆಗೆ ಸೊಸೆ ಕವಿತ, ಅವಳ ಮಡಿಲಲ್ಲಿ ಹತ್ತು ತಿಂಗಳ ಮಗು ದೀಪಿಕ. ಮಗುವಿನ ಅಪ್ಪ ಯತೀಶ್ ಕಬ್ಬಿನ ಲಾರಿ ಓಡಿಸುತ್ತಾನಂತೆ, ಬಂದಿರಲಿಲ್ಲ.

"ಆಸಾ ಕಾರ್ಯಕರ್ತೆ ತಲೆ ತಿಂದ್ಳು ಅಂತ ಬಂದಿವ್ನಿ ಕಣಮ್ಮ," ಅಂದರು ಇಂದ್ರಮ್ಮ. "ಇಲ್ದಿದ್ರೆ ನಮ್ ಮಗೀಗೆ ಏನೂ ಆಗಿಲ್ಲ. ದಿನಾ ದೀಪ ಅಚ್ಚಿದ್ ಮ್ಯಾಲೆ ಇಂದ್ಗಡೆ ನಿಂತ್ಕಂಡು ತಟ್ಟೆ ಬಡೀತೀನಿ. ಟಕ್ ಅಂತ ತಿರುಗ್ತದೆ."

ನಮ್ಮಲ್ಲಿ ಒಂದು ಚಿಕ್ಕ ಮೆಷಿನ್ ಇದೆ. ಅದರ ಮೆತ್ತನೆಯ ತುದಿಯನ್ನು ಮಗುವಿನ ಕಿವಿಯಲ್ಲಿಟ್ಟರೆ ಒಳಗಿವಿ ಕೆಲಸ ಮಾಡುತ್ತಿದೆಯೋ ಇಲ್ಲವೋ ತೋರಿಸುತ್ತದೆ. ಎರಡೂ ಕಿವಿಗೆ ಇಟ್ಟೆ. ಎರಡರಲ್ಲೂ ಇಲ್ಲ ಅಂತ ಬಂತು. ಮತ್ತೆ ಇಟ್ಟೆ, ಮತ್ತೆ ಇಲ್ಲ. ಆದರೆ ಮಗುವಿಗೆ ನೆಗಡಿಯಾಗಿತ್ತು. ಕರೆಂಟು ಹೋಗಿ ಕಿಟಕಿಯಾಚೆ ಜನರೇಟರ್ ಬೇರೆ ಬಡಿದುಕೊಳ್ಳುತ್ತಿತ್ತು. ಇಂಥ ಗದ್ದಲದಲ್ಲಿ ಮೆಷಿನ್ ತಪ್ಪು ತೋರಿಸುವುದುಂಟು.

"ನಿನ್ ಮೆಸೀನ್ ಮನೆ ಹಾಳಾಗ. ನಾನ್ ತೋರಿಸ್ತೀನಿ ನೋಡು," ಅಂತ ಇಂದ್ರಮ್ಮ ಎದ್ದು ಸೊಸೆಯ ಬೆನ್ನ ಹಿಂದೆ ಬಲಗಡೆಗೆ ಹೋಗಿ ನಿಂತರು. "ಲೇ ದೀಪೂ!"

ಮಗು ತಟ್ಟನೆ ಬಲಕ್ಕೆ ತಿರುಗಿತು. ಇಂದ್ರಮ್ಮ ಎಡಕ್ಕೆ ಹೋಗಿ ಕೂಗಿದರು, ಎಡಕ್ಕೆ ತಿರುಗಿತು. ನಾನೂ ಹಿಂದೆ ನಿಂತು ಗಿಲಕಿ ಆಡಿಸಿದೆ. ನಾಲ್ಕಕ್ಕೆ ನಾಲ್ಕು ಸಲವೂ ತಿರುಗಿತು. ಆದರೂ ಇರಲಿ ಅಂತ, ಮಗು ನಿದ್ದೆಯಲ್ಲಿದ್ದಾಗ ತಲೆಗೆ ವೈರ್ ಅಂಟಿಸಿ ಮಾಡುವ ಪರೀಕ್ಷೆಯೊಂದಿದೆ, ಮಾಡಿಸೋಣ ಅಂದೆ.

"ನಿದ್ದೆ ಔಸ್ದಿ ಕುಡ್ಸಿ ಎಳೆ ಮಗೀನ ತಲೆಗೆ ಕರೆಂಟ್ ಕೊಡ್ತೀಯಾ? ಕಣ್ಣೆದುರ್ಗೇ ತಿರುಗ್ತಾ ಅದಲ್ಲಮ್ಮ, ಇನ್ನೇನ್ ಬೇಕು ನಿಂಗೆ? ಮಾತು ವಸಿ ತಡ ಆದ್ರೆ ಆಯ್ತದೆ. ಎಣ್ ಮಕ್ಳು ಮಾತು ಕಮ್ಮಿ ಆಡಿದ್ರೇ ಒಳ್ಳೇದು ಬುಡು."

ಅಶೋಕ್ ಸರ್‌ಗೆ ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ಎರಡನೇ ವಾರಕ್ಕೇ ಎಲ್ಲದಕ್ಕೂ ಫೋನ್ ಮಾಡುವ ಟ್ರೈನಿ ಅನ್ನಿಸಿಕೊಳ್ಳುವುದು ನನಗೆ ಬೇಕಿರಲಿಲ್ಲ. ಪೆನ್ನು ತೆಗೆದು ಬರೆದೆ: "ಶಬ್ದಕ್ಕೆ ಚೆನ್ನಾಗಿ ತಿರುಗುತ್ತದೆ. ಕೇಳುತ್ತದೆ. ಆರು ತಿಂಗಳ ನಂತರ ಮತ್ತೆ ತೋರಿಸಿ." ಕೆಳಗೆ ಸಹಿ ಹಾಕಿದೆ. ಕವಿತ ಅವತ್ತು ಒಂದು ಮಾತೂ ಆಡಿರಲಿಲ್ಲ. ಹೊರಡುವಾಗ ಬಾಗಿಲ ಹತ್ತಿರ ನಿಂತು ನನ್ನನ್ನು ಒಂದು ಸಲ ನೋಡಿದಳು, ಅಷ್ಟೆ.

ಆರು ತಿಂಗಳಿಗೆ ಅವರು ಬರಲಿಲ್ಲ. ಬಂದದ್ದು ಒಂಬತ್ತು ತಿಂಗಳಾದ ಮೇಲೆ, ಈ ಏಪ್ರಿಲ್‌ನಲ್ಲಿ. ಅದೂ ಕಿವಿ ತೋರಿಸುವುದಕ್ಕಲ್ಲ.

"ಮಗಿ ಮಾತಾಡ್ನಿಲ್ಲ ಕಣಮ್ಮ," ಅಂದರು ಇಂದ್ರಮ್ಮ. "ಬಜೆ ತೇಯ್ದು ಜೇನ್ತುಪ್ಪದಲ್ಲಿ ಮೂರು ತಿಂಗ್ಳು ನೆಕ್ಕಿಸ್ದೆ. ಅಮ್ಮಾ ಅಂತಾನೂ ಅನ್ನಾಕಿಲ್ಲ. ನಾಲ್ಗೆ ದಪ್ಪ ಅದಂತೆ. ಕೆಳಗಡೆ ನರ ಕತ್ತರಿಸಿದ್ರೆ ಸರೋಯ್ತದಂತೆ. ದೊಡ್ ಡಾಕ್ಟ್ರಿಗೆ ಒಂದು ಚೀಟಿ ಬರ್ಕೊಡು."

ಮಗು ಬೆಲ್ಲದ ಚೂರೊಂದನ್ನು ಚೀಪುತ್ತಾ ಇತ್ತು. ಅದರ ನಾಲಗೆ ಮೇಲ್ತುಟಿಗೂ ಹೋಗುತ್ತಿತ್ತು, ಕೆಳತುಟಿಗೂ ಬರುತ್ತಿತ್ತು. ಮೂಗಿನ ತುದಿಗೆ ತಾಗುವುದೊಂದು ಬಾಕಿ. ಅಂಥ ನಾಲಗೆಗೆ ಕತ್ತರಿ ಹಾಕಬೇಕಂತೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುವುದು ಇದಕ್ಕೇ. ನನಗೆ ಸಿಟ್ಟು ನೆತ್ತಿಗೇರಿತು.

"ನಾಲಗೆಗೆ ಏನೂ ಆಗಿಲ್ಲಮ್ಮ. ಮೊದಲು ಕಿವಿ ನೋಡಬೇಕು. ಹತ್ತೊಂಬತ್ತು ತಿಂಗಳಾಯ್ತು ಮಗುವಿಗೆ, ಇಷ್ಟು ದಿನ ಏನು ಮಾಡ್ತಿದ್ರಿ ನೀವು?"

ಇಂದ್ರಮ್ಮ ಕೈಚೀಲದಿಂದ ಪ್ಲಾಸ್ಟಿಕ್ ಕವರ್ ತೆಗೆದರು. ಕವರಿನಿಂದ ಒಂದು ಕಾಗದ ತೆಗೆದು, ಮಡಿಕೆ ಬಿಡಿಸಿ, ನನ್ನ ಮೇಜಿನ ಮೇಲೆ ಇಟ್ಟರು.

"ನೀನೇ ಬರ್ದಿದೀಯಲ್ಲವ್ವ, ಕೇಳ್ತದೆ ಅಂತ. ಇದು ನಿಂದೇ ಅಲ್ವಾ ಸಯಿ? ಆಸಾ ಕಾರ್ಯಕರ್ತೆ ಮೂರ್ ಸಲ ಬಂದ್ಳು, ಮೂರ್ ಸಲಾನೂ ಇದ್ನೇ ತೋರ್ಸಿ ಕಳಿಸ್ದೆ."

ನನ್ನ ಸಹಿಯೇ. ಇಷ್ಟು ದಿನ ಏನು ಮಾಡುತ್ತಿದ್ದಿರಿ ಅಂತ ಗದರಿದ್ದೆನಲ್ಲ, ಅವರು ನನ್ನ ಮಾತನ್ನು ಪಾಲಿಸುತ್ತಿದ್ದರು. ಜನ ನನ್ನ ಮಾತು ಕೇಳುವುದಿಲ್ಲ ಅಂತ ಊರಿಗೆಲ್ಲ ದೂರುತ್ತಿದ್ದವಳ ಒಂದೇ ಒಂದು ಮಾತನ್ನು ಒಂದು ಮನೆಯವರು ಒಂಬತ್ತು ತಿಂಗಳು ಜೋಪಾನವಾಗಿ ಇಟ್ಟುಕೊಂಡಿದ್ದರು. ಅದು ತಪ್ಪು ಮಾತಾಗಿತ್ತು.

"ಇನ್ನೊಂದು ಸಲ ನೋಡ್ತೀನಿ," ಅಂದೆ.

ಅದೇ ಕುರ್ಚಿ, ಅದೇ ಮಡಿಲು. ಇಂದ್ರಮ್ಮ ಹೇಳಿಸಿಕೊಳ್ಳದೆ ತಾವೇ ಹಿಂದೆ ಹೋಗಿ ನಿಂತರು. "ಲೇ ದೀಪೂ!" ಮಗು ಬಲಕ್ಕೆ ತಿರುಗಿತು. ಈ ಸಲ ನಾನು ಮಗುವಿನ ಮುಖ ನೋಡುತ್ತಿರಲಿಲ್ಲ. ಮಡಿಲಲ್ಲಿ ಕೂತ ಮಗುವಿನ ಪರೀಕ್ಷೆ ಮಾಡುವಾಗ ತಾಯಿಯ ಕೈ ನೋಡಬೇಕು ಅಂತ ಕಾಲೇಜಿನಲ್ಲಿ ಮೊದಲ ವರ್ಷವೇ ಹೇಳಿಕೊಟ್ಟಿದ್ದರು. ಕವಿತಳ ಎರಡೂ ಕೈ ಮಗುವಿನ ತೊಡೆಯ ಮೇಲಿದ್ದವು. ಇಂದ್ರಮ್ಮ ಎಡಕ್ಕೆ ಸರಿದು ಕೂಗಿದರು. "ಲೇ ದೀಪೂ!" ಎಡಗೈ ಹೆಬ್ಬೆರಳು ಮೆಲ್ಲಗೆ ಒತ್ತಿತು. ಮಗು ಎಡಕ್ಕೆ ತಿರುಗಿತು.

ಹೊಸ ಚೀಟಿ ಮಾಡಿಸಿಕೊಂಡು ಬನ್ನಿ ಅಂತ ಇಂದ್ರಮ್ಮನನ್ನು ಕೌಂಟರಿಗೆ ಕಳಿಸಿ ಬಾಗಿಲು ಹಾಕಿದೆ.

"ಕವಿತ, ಯಾವಾಗಿಂದ ಒತ್ತುತ್ತಿದ್ದೀಯ?"

ಅವಳು ಇಲ್ಲ ಅನ್ನಲಿಲ್ಲ. ತಲೆ ತಗ್ಗಿಸಿ, "ಎಂಟು ತಿಂಗ್ಳ ಮಗು ಇದ್ದಾಗಿಂದ," ಅಂದಳು.

ಅವಳಿಗೆ ಮೊದಲೇ ಗೊತ್ತಿತ್ತು. ತೊಟ್ಟಿಲ ಪಕ್ಕದಲ್ಲಿ ಕುಕ್ಕರ್ ಕೂಗಿದರೂ ಮಗು ಬೆಚ್ಚುತ್ತಿರಲಿಲ್ಲ. ಅಷ್ಟರಲ್ಲಿ ಅತ್ತೆ ತಟ್ಟೆ ಬಡಿಯಲು ಶುರು ಮಾಡಿದರು. "ಮೊದಲ್ನೇ ದಿವ್ಸ ತಿರುಗ್ಲಿಲ್ಲ ಅಕ್ಕ. ಕಿವುಡಾದ್ರೆ ಪೂರಿಗಾಲಿಗೆ ಕರ್ಕಂಡೋಗ್ಬುಡು, ನಿಮ್ಮಣ್ಣನ ಮನೇಲೇ ಇರು ಅಂದ್ರು. ನಾದ್ನಿಗೆ ಗಂಡು ನೋಡ್ತಾವ್ರೆ. ಕೊತ್ತತ್ತಿಯಿಂದ ಒಂದು ಸಂಬಂಧ ಬಂದಿತ್ತು, ಮನೇಲಿ ಕಿವುಡು ಅದೆ ಅಂತ ಗೊತ್ತಾದ್ರೆ ಮುರಿದೋಯ್ತದೆ ಅಂದ್ರು. ಅಣ್ಣನ ಮನೇಲಿ ಅವ್ರಿಗೇ ಜಾಗ ಇಲ್ಲ. ನಾನೆಲ್ಲಿಗೋಗ್ಲಿ?"

"ಅದಕ್ಕೆ ಮಗುವಿಗೆ ಇದನ್ನು ಕಲಿಸಿದೆಯಾ?"

"ಎಡ ತೊಡೆ ಒತ್ತಿ ಎಡಗಡೆ ಬಿಸ್ಕತ್ತು ತೋರಿಸ್ತಿದ್ದೆ. ಬಲ ತೊಡೆ ಒತ್ತಿ ಬಲಗಡೆ. ಅದ್ನೈದು ದಿವ್ಸಕ್ಕೇ ಕಲ್ತ್ಕಂಡ್ಳು." ಹೇಳುವಾಗ ಅವಳ ಮುಖದಲ್ಲಿ ಒಂದು ಗಳಿಗೆ ಹೆಮ್ಮೆ ಬಂದು ಹೋಯಿತು. "ಬಾಳಾ ಬುದ್ವಂತೆ ಅಕ್ಕ ನಮ್ ದೀಪು."

ಶಬ್ದಕ್ಕೆ ತಿರುಗಿದರೆ ಬೊಂಬೆ ಕುಣಿಸಿ, ಮಗುವಿಗೆ ತಿರುಗುವುದನ್ನು ರೂಢಿ ಮಾಡಿಸುವುದು ನಮ್ಮದೇ ವಿದ್ಯೆ. ನಾನು ಪುಸ್ತಕ ಓದಿ, ಪರೀಕ್ಷೆ ಬರೆದು ಕಲಿತದ್ದನ್ನು ಈ ಹುಡುಗಿ ಅಡುಗೆಮನೆಯಲ್ಲಿ ಒಂದು ಪ್ಯಾಕೆಟ್ ಬಿಸ್ಕತ್ತಿನಲ್ಲಿ ಕಲಿಸಿದ್ದಳು. ನನಗೆ ಅವಳ ಕೆನ್ನೆಗೆ ಎರಡು ಬಿಗಿಯಬೇಕು ಅನ್ನಿಸಿತು.

"ಮನೆಯಲ್ಲಿ ಒತ್ತಿದೆ, ಸರಿ. ಇಲ್ಲಿಗೆ ಬಂದಾಗ ಯಾಕೆ ಒತ್ತಿದೆ? ಅವತ್ತೇ ಒಂದು ಮಾತು ನನ್ನ ಕಿವಿಗೆ ಹಾಕಿದ್ದರೆ?"

"ಅತ್ತೆ ಇಂದ್ಗಡೇನೇ ನಿಂತಿದ್ರಲ್ಲ ಅಕ್ಕ." ಕವಿತ ಈಗ ತಲೆಯೆತ್ತಿ ನನ್ನ ಮುಖ ನೋಡಿದಳು. "ನಿಮ್ಗೆ ಗೊತ್ತಾಯ್ತದೆ ಅಂದ್ಕಂಡಿದ್ದೆ. ನೀವು ಓದಿರೋರಲ್ವಾ. ಕೈ ನೋಡ್ತಾರೆ, ಇಡೀತಾರೆ ಅಂದ್ಕಂಡೇ ಒತ್ತಿದ್ದು."

ಬಾಗಿಲ ಹತ್ತಿರ ನಿಂತು ಅವಳು ಅವತ್ತು ಹಾಗೆ ನೋಡಿದ್ದು ಯಾಕೆ ಅಂತ ಈಗ ತಿಳಿಯಿತು. ಅವಳು ತಪ್ಪು ಮಾಡಿದ್ದು ಹೆದರಿಕೆಯಿಂದ. ನನಗೆ ಯಾವ ಹೆದರಿಕೆ ಇತ್ತು? ಮೂವತ್ತೆಂಟು ಜನರನ್ನು ಬೇಗ ಮುಗಿಸಬೇಕಿತ್ತು. ಜಾಣೆ ಅನ್ನಿಸಿಕೊಳ್ಳಬೇಕಿತ್ತು. ಮೆಷಿನ್ ನಾಲ್ಕು ಸಲ ಇಲ್ಲ ಅಂದಿತ್ತು, ನಾನು ಜನರೇಟರ್ ಮೇಲೆ ಹಾಕಿ ಕೈ ತೊಳೆದುಕೊಂಡಿದ್ದೆ.

"ಅತ್ತೆಗೆ ಯೋಳ್ಬ್ಯಾಡಿ ಅಕ್ಕ," ಅಂದಳು ಕವಿತ. "ಮೆಸೀನೇ ಕಂಡ್ಹಿಡೀತು ಅಂದ್ಬುಡಿ."

ಇಂದ್ರಮ್ಮ ಚೀಟಿ ಹಿಡಿದುಕೊಂಡು ಒಳಗೆ ಬಂದರು. ನಾನು ಮಗುವಿನ ಕಿವಿಗೆ ಮೆಷಿನ್ ಇಟ್ಟೆ. ಈ ಸಲ ನೆಗಡಿಯೂ ಇರಲಿಲ್ಲ, ಜನರೇಟರೂ ಇರಲಿಲ್ಲ. ಎರಡೂ ಕಿವಿಯಲ್ಲಿ ಇಲ್ಲ ಅಂತಲೇ ಬಂತು.

"ಅಮ್ಮಾ, ಅವತ್ತು ನಾನು ಬರೆದದ್ದು ತಪ್ಪು," ಅಂದೆ. "ನಂದೇ ತಪ್ಪು, ಇನ್ಯಾರದ್ದೂ ಅಲ್ಲ. ಮಗುವಿಗೆ ಕೇಳಿಸೋದಿಲ್ಲ. ಎಷ್ಟು ಕೇಳಿಸೋದಿಲ್ಲ ಅಂತ ತಿಳಿಯೋಕೆ ಆ ನಿದ್ದೆ ಪರೀಕ್ಷೆ ಆಗಬೇಕು. ತಕ್ಷಣ ಕಿವಿಗೆ ಕೇಳೋ ಮೆಷಿನ್ ಹಾಕಿಸಬೇಕು. ಇನ್ನೂ ತಡ ಆದ್ರೆ ಮಾತು ಬರೋದೇ ಇಲ್ಲ."

ಇಂದ್ರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅವತ್ತು ತಪ್ ಬರ್ದೋಳು ಇವತ್ತು ಸರಿಯಾಗಿ ಯೋಳ್ತೀಯಾ ಅನ್ನಕ್ಕೆ ಏನ್ ಗ್ಯಾರಂಟಿ?"

ಗ್ಯಾರಂಟಿ ಇರಲಿಲ್ಲ.

"ಈಗ ತಾನೇ ನಿನ್ ಕಣ್ಮುಂದೇನೇ ತಿರುಗ್ತು. ಎಡಕ್ಕೂ ತಿರುಗ್ತು, ಬಲಕ್ಕೂ ತಿರುಗ್ತು. ನಿಂಗೆ ಕಣ್ ಕಾಣಾಕಿಲ್ವಾ? ಏಳೇ ಕವಿತ. ಮೈಸೂರಲ್ಲಿ ಒಬ್ಬ ಡಾಕ್ಟ್ರು ಚೀಟಿಗೀಟಿ ಏನೂ ಇಲ್ದಲೇ ನಾಲ್ಗೆ ನರ ಕತ್ತರಿಸ್ತಾನಂತೆ. ನಾಳೀಕೆ ಅಲ್ಲಿಗೇ ಓಯ್ತೀವಿ."

ನಾನು ಬಾಗಿಲಿಗೆ ಅಡ್ಡ ನಿಂತೆ. ಕೈ ಮುಗಿದೆ, ಬೇಡಿಕೊಂಡೆ, ಆಮೇಲೆ ಕಿರುಚಿದೆ. ಇಂದ್ರಮ್ಮ ಚೀಲ ಹೆಗಲಿಗೆ ಹಾಕಿಕೊಂಡಾಗಿತ್ತು. ಕವಿತ ಹೇಳಿದ್ದನ್ನು ಹೇಳಿಬಿಡಲೇ ಅಂತ ನಾಲಗೆ ತುದಿಗೆ ಬಂತು. ಹೇಳಿದರೆ ಅವಳ ಗತಿ ಏನು, ಹೇಳದಿದ್ದರೆ ಮಗುವಿನ ಗತಿ ಏನು? ಅವಳ ಕಡೆ ನೋಡಿದೆ.

ಕವಿತ ಕುರ್ಚಿಯಿಂದ ಎದ್ದಳು. ಬಾಗಿಲ ಕಡೆ ಹೋಗಲಿಲ್ಲ. "ಅತ್ತೆ, ವಸಿ ಕುಂತ್ಕಳಿ," ಅಂತ ಅವರ ಹೆಗಲಿನಿಂದ ಚೀಲ ಇಳಿಸಿದಳು. ಏನು ಅಂತ ಕೇಳುವ ಮೊದಲೇ ಮಗುವನ್ನು ಅವರ ಮಡಿಲಲ್ಲಿ ಕೂರಿಸಿ, ಗೋಡೆಯವರೆಗೂ ಹಿಂದೆ ಹೋಗಿ ನಿಂತಳು.

"ಈಗ ಕೂಗಿ ಅತ್ತೆ."

"ಲೇ ದೀಪೂ," ಅಂದರು ಇಂದ್ರಮ್ಮ.

ಮಗು ಅವರ ಬಳೆಗಳನ್ನು ಒಂದೊಂದಾಗಿ ಮೇಲೆ ಸರಿಸುತ್ತಿತ್ತು.

"ಲೇ ದೀಪೂ!" ಈ ಸಲ ಗದ್ದೆಯ ಬದುವಿನ ಗಂಟಲು. ಕಾರಿಡಾರಿನಲ್ಲಿ ಕೂತಿದ್ದವರೆಲ್ಲ ಒಳಗೆ ಇಣುಕಿದರು. ಮಗು ಇನ್ನೊಂದು ಬಳೆ ಸರಿಸಿತು.

ಇಂದ್ರಮ್ಮ ಮೇಜಿನ ಮೇಲಿದ್ದ ಸ್ಟೀಲ್ ಲೋಟ ತೆಗೆದು ಮಗುವಿನ ಕಿವಿಯ ಹಿಂದೆಯೇ ಕುರ್ಚಿಯ ಕಬ್ಬಿಣಕ್ಕೆ ಬಡಿದರು. ನಾನು ಬೆಚ್ಚಿದೆ. ಮಗು ಬೆಚ್ಚಲಿಲ್ಲ. ಮತ್ತೆ ಬಡಿದರು. ಮತ್ತೆ ಬಡಿದರು. ಆಮೇಲೆ ಲೋಟ ಕೆಳಗಿಟ್ಟರು.

"ದಿನಾ ತಿರುಗ್ತಿತ್ತಲ್ಲೇ," ಅಂದರು. ಆ ಹೆಂಗಸಿಗೆ ಅಷ್ಟು ಸಣ್ಣ ದನಿ ಇದೆ ಅಂತ ನನಗೆ ಗೊತ್ತಿರಲಿಲ್ಲ.

"ನಾನೇ ತಿರುಗಿಸ್ತಿದ್ದೆ ಅತ್ತೆ."

ಇಂದ್ರಮ್ಮ ಸೊಸೆಯ ಕಡೆ ತಿರುಗಿದರು. ಈಗ ಬೈಗುಳ ಬರುತ್ತದೆ, ಕೈಯೂ ಏಳಬಹುದು ಅಂತ ನಾನು ಕಾದೆ. "ಪೂರಿಗಾಲಿಗೆ ಓಗು ಅಂದಿದ್ನಲ್ಲ, ಅದಕ್ಕಾ?" ಅಂದರು. ಕವಿತ ತಲೆಯಾಡಿಸಿದಳು. ಇಂದ್ರಮ್ಮ ತಪ್ಪಾಯಿತು ಅನ್ನಲಿಲ್ಲ. ಅನ್ನುವ ಪೈಕಿಯೂ ಅಲ್ಲ. ನನ್ನ ಕಡೆ ತಿರುಗಿ, "ಅದ್ಯಾವ್ದೋ ನಿದ್ದೆ ಪರೀಕ್ಸೆ ಅಂದ್ಯಲ್ಲ, ಮಾಡು," ಅಂದರು.

ಮಾಡು ಅಂದರೆ ಮಾಡಲು ಆಗಬೇಕಲ್ಲ! ಆ ಪರೀಕ್ಷೆಯ ಕೋಣೆ ಇರುವುದೊಂದೇ, ದಿನಕ್ಕೆ ಆಗುವುದು ಮೂರೇ ಮಕ್ಕಳಿಗೆ. ಕೌಂಟರಿನಲ್ಲಿ ಪುಸ್ತಕ ತಿರುವಿ ಮೂರು ವಾರ ಬಿಟ್ಟು ಬನ್ನಿ ಅಂದರು. ಒಂಬತ್ತು ತಿಂಗಳ ಮೇಲೆ ಇನ್ನೂ ಮೂರು ವಾರ. ನಾನು ಕೌಂಟರಿನವರ ಜೊತೆ ಜಗಳಕ್ಕೆ ನಿಂತೆ, ಅವರು ಅಂಬರೀಶ್ ಅಂತ, ಪಾಪ, ಅವರದ್ದೇನೂ ತಪ್ಪಿರಲಿಲ್ಲ. ಇಂದ್ರಮ್ಮ ಜಗಳವಾಡಲಿಲ್ಲ. ಅಶೋಕ್ ಸರ್ ಕೋಣೆಯ ಬಾಗಿಲಿಗೆ ಸರಿಯಾಗಿ ಕಾಲು ಚಾಚಿ ನೆಲದ ಮೇಲೆ ಕೂತುಬಿಟ್ಟರು. "ಮೂರು ವಾರ ಆಗೋವರ್ಗೂ ಇಲ್ಲೇ ಕುಂತಿರ್ತೀನಿ. ಬೇಕಾದ್ರೆ ನನ್ ದಾಟ್ಕಂಡು ಓಡಾಡ್ಲಿ."

ಒಳಗೆ ಹೋಗಿ ಸರ್ ಮುಂದೆ ಹಳೆಯ ಕಾಗದ ಇಟ್ಟು, ಅವತ್ತು ನಡೆದದ್ದನ್ನೆಲ್ಲ ಹೇಳಿದೆ. ಅವರು ಎರಡು ಸಲ ಓದಿದರು.

"ಮೆಷಿನ್ ಇಲ್ಲ ಅಂದಿದೆ. ಆದರೂ ಬರೆದೆ?"

"ಹೌದು ಸರ್."

"ಫೋನ್ ಮಾಡಲಿಲ್ಲ."

"ಇಲ್ಲ ಸರ್."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾಳೆ ಬೆಳಗ್ಗೆ ಎಂಟಕ್ಕೆ, ಬೇರೆ ಮಕ್ಕಳಿಗಿಂತ ಮೊದಲು ತಾವೇ ಬಂದು ಮಾಡುವುದಾಗಿ ಹೇಳಿದರು. "ಪರೀಕ್ಷೆ ಹೊತ್ತಿಗೆ ಗಾಢ ನಿದ್ದೆ ಬರಬೇಕು. ಬೆಳಗಿನ ಜಾವ ಎಬ್ಬಿಸಿ, ಆಮೇಲೆ ಮಲಗಿಸಬಾರದು ಅಂತ ಹೇಳು. ನೀನೂ ಬಾ. ರಿಪೋರ್ಟ್ ನೀನೇ ಬರೆಯಬೇಕು."

ಹೊರಗೆ ಬಂದು ಇಂದ್ರಮ್ಮನಿಗೆ ಹೇಳಿದೆ. ನೆಲಕ್ಕೆ ಕೈಯೂರಿ ಎದ್ದರು. "ಯತೀಸನ್ಗೆ ಫೋನ್ ಮಾಡೇ," ಅಂದರು ಸೊಸೆಗೆ. "ನಾಳೀಕೆ ಲಾರಿ ಬ್ಯಾಡ, ಇಲ್ಲಿಗ್ ಬರ್ಲಿ. ಕೊತ್ತತ್ತಿಯೋರ್ಗೆ ನಾನೇ ಯೋಳ್ತೀನಿ. ಒಪ್ದೋರು ಒಪ್ಲಿ, ಬುಟ್ಟೋರು ಬುಡ್ಲಿ."

ಆಗ ಕವಿತ ಅತ್ತಳು. ನನಗೆ ಆಗಲೂ ಸಿಟ್ಟು ಇಳಿದಿರಲಿಲ್ಲ. ಈ ಮಾತನ್ನು ಒಂಬತ್ತು ತಿಂಗಳ ಹಿಂದೆ ಆಡುವುದಕ್ಕೆ ಇಂದ್ರಮ್ಮನಿಗೇನು ಅಡ್ಡಿಯಾಗಿತ್ತು? ಒಂದು ಹೆಬ್ಬೆರಳು ನೋಡುವುದಕ್ಕೆ ನನಗೇನು ಅಡ್ಡಿಯಾಗಿತ್ತು?

ನಾವು ಮಾತಾಡುತ್ತಿರುವಾಗ ಮಗು ಪುಟಪುಟ ಹೆಜ್ಜೆ ಹಾಕುತ್ತಾ ಕಾರಿಡಾರಿನ ಆ ತುದಿಗೆ, ನೀರಿನ ಕ್ಯಾನ್ ಹತ್ತಿರ ಹೋಗಿತ್ತು. ಇಂದ್ರಮ್ಮ ನೋಡಿದರು. ಕೂಗಲು ಬಾಯಿ ತೆರೆದರು. "ಲೇ" ಅಂದರು, ಅಲ್ಲಿಗೇ ನಿಲ್ಲಿಸಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಮಗುವಿನವರೆಗೂ ನಡೆದರು. ಅದರ ಪಕ್ಕದಿಂದ ಬಳಸಿಕೊಂಡು ಮುಂದೆ ಹೋಗಿ, ಕುಕ್ಕರುಗಾಲಿನಲ್ಲಿ ಕೂತು, ಮುಖಕ್ಕೆ ಮುಖ ಕೊಟ್ಟು ಎರಡೂ ಕೈ ಚಾಚಿದರು. ಮಗು ಅಜ್ಜಿಯನ್ನು ಕಂಡು ನಕ್ಕು, ಓಡಿ ಬಂದು ಕೈಗೆ ಬಿತ್ತು.